ಗಂಟಿಲ್ಲದ ದಾರ

ಈ ಕೈ ನೋಡಿ.
ಮೂವತ್ತು ವರ್ಷ ತಾಯ್‌ಹು ಸರೋವರದಲ್ಲಿ ಏಡಿಬಲೆ ಎಳೆದ ಕೈ.
ಹಗ್ಗ ಕೊರೆದ ಗೆರೆಗಳ ನಡುವೆ
ಹುಟ್ಟುವಾಗ ತಂದ ಗೆರೆ ಯಾವುದೋ
ನನಗೇ ಗುರುತಿಲ್ಲ.

ಮದುವೆಯಾದ ಮೂರನೆಯ ದಿನ
ಯಿಂದಿಯ ಚೌಕಟ್ಟಿನ ಮೇಲೆ ಸುಮ್ಮನೆ ಒಂದು ಬೆರಳಿಟ್ಟೆ.
ರೇಷ್ಮೆ ಚರ್ರೆಂದು ಚರ್ಮಕ್ಕೆ ಸಿಕ್ಕಿ
ಅರ್ಧ ತಾವರೆಯ ಎಸಳು ಬೆರಳಿನ ಜೊತೆ ಎದ್ದು ಬಂತು.
ಬೈಯಲಿಲ್ಲ ಅವಳು.
ಹನ್ನೊಂದು ದಿನದ ಕೆಲಸ, ಎಂದಳು, ಅಷ್ಟೆ,
ಕತ್ತರಿಗೆ ಕೈ ಚಾಚಿದಳು.

ಅಂದಿನಿಂದ ಮನೆಯ ಪಾತ್ರೆ ನನ್ನವು.
ಝೆನ್‌ಹುವಿನಲ್ಲಿ ಇದು ನಗೆಪಾಟಲಲ್ಲ,
ಸಂಜೆಯಾದರೆ ಕಾಲುವೆಯ ಮೆಟ್ಟಿಲ ತುಂಬ ಗಂಡಸರು,
ಬಾಣಲೆ ತಿಕ್ಕುವ ಸದ್ದು.
ಸೊಸೆಯ ಕೈ ಒರಟಾದರೆ ಮನೆಗೆ ಅಕ್ಕಿ ಬಾರದೆಂದು
ನನ್ನವ್ವನೇ ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡಿದ್ದಳು.
ಜನವರಿಯ ನೀರು.
ಅವಳಿಗೆ ಒಂದೇ ಸೂಜಿ, ನನಗೆ ಸಾವಿರ.

ಒಂದು ದಾರವನ್ನು ಎರಡಾಗಿ ಸೀಳುತ್ತಾಳೆ,
ಎರಡನ್ನು ನಾಲ್ಕಾಗಿ, ಎಂಟಾಗಿ, ಹದಿನಾರಾಗಿ,
ಮೀನಿನ ಬಾಲಕ್ಕೆ ಬಂದಾಗ ಇನ್ನೂ ತೆಳ್ಳಗೆ.
ಆಗ ಬಾಗಿಲು ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು,
ನಾನು ಕೆಮ್ಮಬಾರದು.
ಬೆರಳುಗಳ ನಡುವೆ ಎಳೆಯೊಂದು ಇದೆಯೆಂದು
ನಂಬಬೇಕು, ಕಾಣುವುದಿಲ್ಲ.
ಬಾಲ ಮಾತ್ರ, ತಿಂಗಳ ಮೇಲೆ,
ಬಟ್ಟೆಯೊಳಗೆ ನೀರಿದ್ದ ಹಾಗೆ ಅಲುಗುತ್ತದೆ.

ಆದರೆ ನಾನು ಹೇಳಹೊರಟದ್ದು ಬೆಕ್ಕಿನ ಸಂಗತಿ.

ಎರಡು ಮುಖದ ಕಸೂತಿ. ಈ ಬದಿಗೆ ಬೆಕ್ಕು,
ಆ ಬದಿಗೂ ಅದೇ ಬೆಕ್ಕು, ಅದೇ ಮೀಸೆ, ಅದೇ ಸೊಕ್ಕು.
ಇಲ್ಲಿ ಗಂಟು ಹಾಕುವಂತಿಲ್ಲ.
ದಾರದ ತುದಿಯನ್ನು ಮೊದಲ ಹೊಲಿಗೆಗಳ ಕೆಳಗೆ ಮಲಗಿಸಿ
ಕೂಸಿಗೆ ಹೊದಿಸಿದಂತೆ ಹೊದಿಸುತ್ತ ಹೋಗಬೇಕು.
ಗಂಟು ಹಾಕದ ಕಸುಬು, ಅದಕ್ಕೇ ಈ ಮನೆಯಲ್ಲಿ
ಗಂಟೂ ಆಗಲಿಲ್ಲ, ಎಂದು ನಾನು ನಕ್ಕರೆ
ತಲೆಯೆತ್ತದೆ,
ಬಾಣಲೆ ಒಣಗಿತಾ, ಎನ್ನುತ್ತಾಳೆ.

ಬೆಕ್ಕಿನ ಕಣ್ಣಿಗೆ ಹದಿನೆಂಟು ಬಣ್ಣ.
ಹೋದ ಚಳಿಗಾಲ ಅದರಲ್ಲಿ ನಾಲ್ಕು
ಅವಳಿಗೆ ಒಂದೇ ಆಗಿ ಕಂಡವು.
ಯಾರಿಗೂ ಹೇಳಲಿಲ್ಲ, ನನಗೂ.
ದಾರದ ಪೆಟ್ಟಿಗೆ ಹಿಡಿದು ಕಿಟಕಿಗೂ ಚೌಕಟ್ಟಿಗೂ
ಮತ್ತೆ ಮತ್ತೆ ನಡೆದದ್ದು ನೋಡಿ ತಿಳಿದುಕೊಂಡೆ.
ಅಷ್ಟರಲ್ಲಿ ಸರೋವರದ ಬಲೆಗಳನ್ನೆಲ್ಲ ಸರ್ಕಾರ ಕೀಳಿಸಿತ್ತು.
ನನಗೆ ಕೆಲಸವಿರಲಿಲ್ಲ,
ಕಣ್ಣಿತ್ತು.

ಮುಟ್ಟದೆ ಹೇಳು, ಎಂದಳು.
ಕೈ ಬೆನ್ನ ಹಿಂದೆ ಕಟ್ಟಿ, ಪಾಠ ಒಪ್ಪಿಸುವ ಹುಡುಗನ ಹಾಗೆ
ಒಂದೊಂದೇ ಹೇಳಿದೆ:
ಇದು ಮಳೆಗೆ ಮುಂಚಿನ ನೀರು.
ಇದು ದೋಣಿಯ ತಳದ ಪಾಚಿ.
ಇದು, ತಾಳು, ನಿನ್ನೆ ಲೋಟದಲ್ಲಿ ಉಳಿದ ಚಹಾ.
ಇದು ಏಡಿ, ಕುದಿನೀರಿಗೆ ಬೀಳುವ ಮೊದಲು.
ಹೂಂ, ಎಂದಳು ಪ್ರತಿಯೊಂದಕ್ಕೂ,
ಸೂಜಿಗೆ ಪೋಣಿಸಿದಳು.
ಅದಕ್ಕೆ ಕಣ್ಣು ಬೇಕಿಲ್ಲ, ಬೆರಳಿಗೇ ಗೊತ್ತು.

ಶಾಂಘೈನಿಂದ ಬಂದವನು ಬೆಕ್ಕನ್ನು ಬೆಳಕಿಗೆ ಹಿಡಿದ.
ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ.
ಇದರಲ್ಲಿ ಮುಂದು ಯಾವುದು? ಎಂದ.
ಯಿಂದಿ ಬೆಲೆ ಹೇಳಿದಳು.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.
ಚೌಕಟ್ಟಿನ ಆಚೆಗೆ ಮಣೆ ಹಾಕಿ ಕೂತವನು ನಾನು.
ಆರು ತಿಂಗಳು ನನ್ನ ಕಡೆಗಿದ್ದ ಮುಖವೇ ಮುಂದು:
ಮೊದಲು ಕುರುಡು,
ಆಮೇಲೆ ಒಂದು ಕಣ್ಣು,
ಆಮೇಲೆ, ಒಂದು ಮಂಗಳವಾರ, ಎರಡೂ.

ಬಲೆ ಬಿಟ್ಟು ವರ್ಷ ಕಳೆಯಿತು.
ಸಾಬೂನು ನೀರಿನಲ್ಲಿ ನೆಂದು ನೆಂದು
ಕೈ ಮೆತ್ತಗಾಗಿರಬೇಕು ಅನ್ನಿಸಿ
ನಿನ್ನೆ, ಅವಳು ಸಂತೆಗೆ ಹೋದಾಗ,
ಹೊಸದಾಗಿ ಬಿಗಿದ ರೇಷ್ಮೆಯ ಅಂಚಿಗೆ ಕಿರುಬೆರಳಿಟ್ಟೆ.

ಚರ್ರೆಂದಿತು.

ಕಿತ್ತು ಬಂದ ಎಳೆಯನ್ನು ನಾಲಿಗೆಯ ಮೇಲಿಟ್ಟು ನುಂಗಿಬಿಟ್ಟೆ.
ಅವಳು ಬರುವ ಹೊತ್ತಿಗೆ
ಪಾತ್ರೆ ತೊಳೆಯುತ್ತಿದ್ದೆ.