ಇಪ್ಪತ್ಮೂರನೆಯ ನಿಯಮ

ಕ್ಲಾಕ್ಸ್‌ವೀಕ್ ಬಂದರಿನ ಸರಕು ಕಚೇರಿಯಲ್ಲಿ
ನಲವತ್ತೊಂದು ನಿಯಮ ಬಿಟ್ಟು ನಿವೃತ್ತನಾದ ಹಾನುಸ್.
ಕಾಲು ಕುಂಟುವ ಕುರ್ಚಿ, ಕಾಫಿ ಕಲೆಯ ಮೇಜು,
ಮೇಜಿನ ಮೇಲೆ ಆ ಹಳೆಯ ಕಂಪ್ಯೂಟರು, ಅದರೊಳಗಿನ ಅಂಚೆ,
ಎಲ್ಲ ಈಗ ಮಾರ್ಯುನ್‌ಳ ಪಾಲು.

ಸೋಮವಾರ ಒಂದು ಟಗರು
ಗಾಳಿಗೆ ಕಿವಿ ಮಡಚಿಕೊಂಡು
ಜೆಟ್ಟಿಯ ಮೇಲೆ ನಾಲ್ಕು ಗಂಟೆ ನಿಂತಿತ್ತು.
ಒಯ್ಯಬೇಕಾದ ದೋಣಿಗೆ ಸುದ್ದಿಯೇ ಇಲ್ಲ.
"ಮೊನ್ನೆಯೇ ಬರೆದಿದ್ದೆನಲ್ಲ!" ಒಡತಿ.
"ಬಂದೇ ಇಲ್ಲ." ಮಾರ್ಯುನ್.
ಇಬ್ಬರದೂ ನಿಜ. ಟಗರು ತನ್ನ ಅಭಿಪ್ರಾಯವನ್ನು
ಹಲಗೆಯ ಮೇಲೆ ಬಿಟ್ಟುಹೋಯಿತು.

ಸಂಜೆ, ಎಲ್ಲರೂ ಹೋದಮೇಲೆ,
ನಿಯಮಗಳ ಪಟ್ಟಿ ತೆರೆದಳು.
ವಿಷಯದಲ್ಲಿ 'ಕುರಿ' ಇದ್ದರೆ ಕುರಿ ಕಡತಕ್ಕೆ.
'ದೋಣಿ' ಇದ್ದರೆ ದೋಣಿಯ ಕಡತಕ್ಕೆ.
'ತುರ್ತು' ಇದ್ದರೆ 'ನಾಳೆ' ಎಂಬ ಕಡತಕ್ಕೆ.
ನಕ್ಕಳು. ಹಾನುಸ್ ಇದ್ದದ್ದೇ ಹಾಗೆ.
ಪಾದ್ರಿ ಬರೆದರೆ, ಓದಿಯಾಯಿತೆಂದು ಗುರುತು ಹಾಕು.
ಹನ್ನೊಂದು, ಹದಿನೆಂಟು: ಅಳಿಯ ಅಲ್ಲ, ಮಗಳ ಗಂಡ.
ಮೂವತ್ತರಲ್ಲಿ 'ಎಲ್ಲವೂ ಹೊಂದಿದರೆ' ಎನ್ನಬೇಕಾದಲ್ಲಿ
'ಯಾವುದಾದರೂ ಹೊಂದಿದರೆ' ಎಂದಿತ್ತು;
ಆರು ವರ್ಷದಿಂದ ಬೇಲಿ ನಿಶ್ಚಿಂತೆಯಾಗಿ ಹೊಲ ಮೇಯುತ್ತಿತ್ತು.

ತನಗೆ ತಾನೇ ಬರೆದುಕೊಂಡಳು: ಕುರಿ.
ಹೋಯಿತು, ಕುರಿಯಲ್ಲಿಗೆ.
ದೋಣಿ. ಹೋಯಿತು.
ದೋಣಿಯಲ್ಲಿ ಕುರಿ.
ಒಂದು ಕ್ಷಣ ಹೊಳೆದು, ಮಾಯ.

ನಾಲ್ಕನೆಯ ನಿಯಮ ಕುರಿಯದು. ಅದರ ಬಾಲಕ್ಕೆ
'ಇಲ್ಲಿಗೆ ನಿಲ್ಲಿಸು' ಎಂಬ ಪುಟ್ಟ ಟಿಕ್ಕು.
ದೋಣಿಯ ನಿಯಮ ಕೆಳಗೆ ಒಂಬತ್ತರಲ್ಲಿ,
ಆ ಟಗರಿನಂತೆಯೇ, ಬಾರದ ಪಾಳಿಗೆ ಕಾದಿತ್ತು.
ಮೇಲಿದ್ದವನದೇ ಮಾತು. ಕಂಪ್ಯೂಟರಿನಲ್ಲೂ.

ಆಮೇಲೆ ಕಣ್ಣಿಗೆ ಬಿದ್ದದ್ದು ಇಪ್ಪತ್ಮೂರು:
ಬರೆದವನು ಟುಮ್ಮಾಸ್ ಆಗಿದ್ದು
ಒಳಗೆ 'ಕ್ಷಮಿಸು' ಎಂದಿದ್ದರೆ,
ಅಳಿಸು.

ಕೋಪಕ್ಕೂ ಒಂದು ಕ್ರಮಸಂಖ್ಯೆ.

ಲಾಗ್ ತೆಗೆದು ನೋಡಿದಳು. ಒಂಬತ್ತು ವರ್ಷದಲ್ಲಿ
ಆರು ಸಲ ಓಡಿದೆ ಇಪ್ಪತ್ಮೂರು.
ತಾರೀಕಿದೆ, ಗಂಟೆ ನಿಮಿಷವಿದೆ,
ಒಂದು ಕ್ರಿಸ್‌ಮಸ್ ರಾತ್ರಿಯದೂ ಇದೆ.
ಏನು ಬರೆದಿದ್ದನೆಂದು ಮಾತ್ರ ಇಲ್ಲ.

ಕುರಿ ಕಡತದಲ್ಲಿ, ಸೋಮವಾರದ ಟಗರಿನ ಪತ್ರಕ್ಕಿಂತ ಬಹಳ ಕೆಳಗೆ,
ಉಣ್ಣೆಯ ಲೆಕ್ಕ, ಕೊಯ್ತದ ಲೆಕ್ಕಗಳ ನಡುವೆ,
ಯಾರೂ ತೆರೆಯದ ಏಳನೆಯದು:
'ನಿನ್ನ ಕಪ್ಪು ಕುರಿ ನನ್ನ ಗೋಡೆ ಹಾರಿ ಬಂದಿದೆ.
ಎಡಗಿವಿಯಲ್ಲಿ ನಿನ್ನದೇ ಕಚ್ಚು. ಹುಲ್ಲು ಹಾಕಿದ್ದೇನೆ.
ಬಂದು ಒಯ್ಯಿ.
ಗೋಡೆಯ ವಿಷಯಕ್ಕೆ, ಕ್ಷಮಿಸು.'
ನಾಲ್ಕು ವರ್ಷ ಹಳೆಯದು.
ನಾಲ್ಕು ಮೊದಲು ಹಿಡಿಯಿತು; ಇಪ್ಪತ್ಮೂರಕ್ಕೆ ಸಿಗಲಿಲ್ಲ.
ಯಾವ ಜಗಳವನ್ನು ಬಿಡಿಸಲೆಂದು ಕೂತಿದ್ದಳೋ
ಆ ಜಗಳವೇ ಇದನ್ನು ಉಳಿಸಿತ್ತು.

ಗುರುವಾರ ಕಾಫಿಗೆಂದು, ಬುದ್ಧಿ ಹೇಳಲೆಂದು ಬಂದ ಹಾನುಸ್.
"ಇಪ್ಪತ್ಮೂರು ತೆಗೆಯಲೇ?"
"ಇರಲಿ ಬಿಡು. ಒಮ್ಮೆಯೂ ಕೆಲಸ ಮಾಡಿರಲಿಕ್ಕಿಲ್ಲ.
ಆ ಮನುಷ್ಯನ ಬಾಯಲ್ಲಿ ಆ ಮಾತು ಹುಟ್ಟುವುದಿಲ್ಲ."

ಅವಳು ಏನೂ ಹೇಳಲಿಲ್ಲ. ಪ್ರಿಂಟರು ಗೊಣಗಿತು.
ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ,
ಕನ್ನಡಕ ಹಣೆಯ ಮೇಲಿತ್ತು.
ಓದಿ ಮುಗಿಸಿ ಬಹಳ ಹೊತ್ತಿನ ಮೇಲೆ:
"ಈ ಕುರಿ ಕಡಲಿಗೆ ಬಿತ್ತೆಂದು
ಲೆಕ್ಕದಲ್ಲಿ ಬರೆದುಬಿಟ್ಟಿದ್ದೆ."

ಅರ್ಧ ಕಾಫಿ ಹಾಗೆಯೇ ಉಳಿಯಿತು.

ಮಾರ್ಯುನ್ ದೋಣಿಯನ್ನು ಕುರಿಯ ಮೇಲಕ್ಕೆ ಎಳೆದಳು.
ಮತ್ತೊಮ್ಮೆ ಬರೆದಳು: ದೋಣಿಯಲ್ಲಿ ಕುರಿ.
ಈ ಸಲ ದಾರಿ ತಪ್ಪಲಿಲ್ಲ.
ಇಪ್ಪತ್ಮೂರನ್ನು ಅಳಿಸಲು ಮನಸ್ಸಾಗದೆ
ಟಿಕ್ಕಷ್ಟೇ ತೆಗೆದಳು.

ಕಿಟಕಿಯ ಕೆಳಗೆ, ಟಿಕೆಟ್ ಗೂಡಿನ ಮುಂದೆ,
ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತ ಕೇಳುತ್ತಿದ್ದ ಹಾನುಸ್:
ಆಚೆ ದಡಕ್ಕೆ ಒಬ್ಬನಿಗೆ ಎಷ್ಟು?
ಬರುವಾಗ ಒಂದು ಕುರಿಗೆ ಎಷ್ಟು,
ಇನ್ನೂ ಇದ್ದರೆ?