ನೀಲಿ ಹದಿನೇಳು

ಮೊನ್ನೆ ಮಳೆ ಬಿದ್ದಿತ್ತು, ಎರಡು ದಿನ ಕಾದೆವು.
ನೆನೆದ ಮರಳುಗಲ್ಲು, ಹಿಡಿದರೆ,
ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ
ಕೈಗೇ ಬಂದುಬಿಡುತ್ತದೆ;
ಆಮೇಲೆ ಆ ಹಿಡಿ ಯಾರಿಗೂ ಇಲ್ಲ.
ಇವತ್ತು ಆರ್ಮೆಲ್ ಬುಡದ ಮರಳನ್ನು
ಬೆರಳಲ್ಲಿ ಬಗೆದು ನೋಡಿದಳು.
ಒಳಗೂ ಒಣಗಿದೆ.

ಫೊಂತೆನ್‌ಬ್ಲೋ ಕಾಡು. ಪೈನ್ ಮರಗಳ ನಡುವೆ
ಎರಡಾಳೆತ್ತರ ಮೀರಿದ ಬಂಡೆ.
ಯಾರೋ ಎಂದೋ ಬಳಿದ ನೀಲಿ ಬಾಣ,
ಪಕ್ಕದಲ್ಲಿ ಮಾಸಿದ ಹದಿನೇಳು.
ಬಲ್ಲವರಿಗೆ ಇದು ಲೆಕ್ಕಕ್ಕಿಲ್ಲ.
ಶಾಲೆಯ ಬಸ್ಸು ಓಡಿಸುವ ಅವಳಿಗೆ,
ನೆಲಕ್ಕೆ ಟೈಲು ಕೂರಿಸುವ ನನಗೆ,
ಒಂದು ಭಾನುವಾರಕ್ಕೆ ಸಾಕು.

ಹತ್ತುವ ಮೊದಲು ಹಿಂದೆ ಸುತ್ತಿ ಹೋಗಿ
ಇಳಿಯುವ ದಾರಿ ನೋಡಿ ಬರುತ್ತಾಳೆ.
ನಾನು ದಪ್ಪ ಹಾಸು ಬಿಚ್ಚಿ
ಬಂಡೆಯ ಬುಡಕ್ಕೆ ಎಳೆದೆ.
ಅವಳು ಮಾತಾಡದೆ ಕಾಲಲ್ಲಿ ಒಂದು ಗೇಣು
ಎಡಕ್ಕೆ ಸರಿಸಿದಳು,
ಆ ಬೇರಿನ ಮೇಲಕ್ಕೆ.

ಆ ಬೇರು.
ಹೋದ ಅಕ್ಟೋಬರಿನಲ್ಲಿ ಅವಳು ಬಿದ್ದಾಗ
ನಾನು ಥರ್ಮೋಸಿನ ಮುಚ್ಚಳ ತಿರುಗಿಸುತ್ತಿದ್ದೆ.
ಒಣ ಕಟ್ಟಿಗೆ ಮುರಿದಂಥ ಸದ್ದು.
ಏಳು ವಾರ ಬಸ್ಸನ್ನು ಬೇರೆ ಯಾರೋ ಓಡಿಸಿದರು.
ಅವಳು ಆ ಮಾತು ಎತ್ತಿಲ್ಲ.
ಎತ್ತಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಹರಕು ಚಿಂದಿಗೆ ಶೂ ಒರೆಸುತ್ತಾಳೆ, ಎಡ, ಬಲ,
ದೇವರ ಕೋಣೆಗೆ ಹೋಗುವವಳ ಹಾಗೆ.
‘ಬಿದ್ದರೆ ಹಿಡಿಯಬೇಡ, ಲೋಯಿಕ್.
ತಲೆ ಹಾಸಿನ ಹೊರಗೆ ಬೀಳದಂತೆ ನೋಡಿಕೋ, ಅಷ್ಟೆ.’

ಬೆನ್ನಿಗೆ ನಿಲ್ಲುವುದೆಂದರೆ ಇದು:
ಕೈ ಹಿಡಿಯುವುದಲ್ಲ, ಕೈ ಬಿಡುವುದೂ ಅಲ್ಲ.
ಮೊಣಕೈ ಮಡಿಸಿ, ಹೆಬ್ಬೆರಳು ಒಳಗಿಟ್ಟು,
ಇನ್ನೊಬ್ಬಳ ನಡುವಿನ ಮೇಲೇ ಕಣ್ಣು ನೆಟ್ಟು
ಬರಿಗೈಯಲ್ಲಿ ನಿಲ್ಲುವುದು.

ನಾಣ್ಯದಷ್ಟಗಲದ ಅಂಚಿಗೆ ಎಡಗಾಲು.
ಬಲ ಅಂಗೈ ಕಲ್ಲಿಗೆ ಒತ್ತಿ ಎದ್ದಳು.
ಮೇಲಂಚು ಬೋಳು ತಲೆ, ಹಿಡಿಯಲು ಏನೂ ಇಲ್ಲ,
ನಂಬಬೇಕು, ಅಷ್ಟೇ.
ಕಾಲು ನಡುಗತೊಡಗಿತು,
ಕುದಿಯುವ ಪಾತ್ರೆಯ ಮುಚ್ಚಳ.
ನನ್ನ ಬಾಯಿಗೆ ಬಂದ ‘ಹೋಗು, ಹೋಗು’ ನುಂಗಿಕೊಂಡೆ.

ಅವಳು ಇಳಿದಳು.
ಹತ್ತಿದ ಹಾಗೆಯೇ, ಒಂದೊಂದೇ ಕಾಲು ಹುಡುಕಿ,
ಅವಸರವಿಲ್ಲದೆ.
ಹಾಸಿನ ಮೇಲೆ ಕೂತು ಬೆರಳು ನೋಡಿಕೊಂಡಳು.
ಮರಕುಟಿಕವೊಂದು ಎಲ್ಲೋ ಬಡಿಗನ ಕೆಲಸ ಮಾಡುತ್ತಿತ್ತು.
ತುಂಬಾ ಹೊತ್ತು.

ಮತ್ತೆ ಎದ್ದಾಗ ಬಲಗಾಲು ಸ್ವಲ್ಪ ಎತ್ತರಕ್ಕೆ,
ಸೊಂಟ ಕಲ್ಲಿಗೆ ಹತ್ತಿರ, ಅಷ್ಟೇ ವ್ಯತ್ಯಾಸ.
ಎದೆ, ಹೊಟ್ಟೆ, ಒಂದು ಮಂಡಿ, ಆಮೇಲೆ
ಆಕಾಶಕ್ಕೆ ತಗುಲಿದ ಶೂ ಅಟ್ಟೆ.
ಆಮೇಲೆ ಅವಳೇ ಇಲ್ಲ.

ಹಿಂದಿನ ಬಿರುಕಲ್ಲಿ ಕಾಲು ಸವರುವ ಸದ್ದು,
ಮರಳ ಮೇಲೆ ಹೆಜ್ಜೆ.
ಸುತ್ತಿ ಬಂದವಳು ನನ್ನನ್ನು ನೋಡಿ ನಿಂತಳು:
‘ಇನ್ನು ಕೈ ಇಳಿಸಬಹುದು.
ಈಗ ತೆಗೆ ನಿನ್ನ ಥರ್ಮೋಸು.’

ಮುಚ್ಚಳ ಬಿಗಿದಿತ್ತು, ಬೆರಳು ಮಡಚಲೊಲ್ಲವು.
ಅವಳೇ ಇಸಿದುಕೊಂಡು ತಿರುಗಿಸಿದಳು.
ಮುಚ್ಚಳದ ಮೇಲೆ ಸುಣ್ಣದ ಐದು ಗುರುತು.
ಇನ್ನೂ ಒರೆಸಿಲ್ಲ.