ಚುಕ್ಕೆಯ ಬಾಕಿ

ತೀನ್ ಕಂದೀಲಿನಲ್ಲಿ ನಾನು ಒಂದೂ ಕಂದೀಲು ಕಂಡವನಲ್ಲ.
ಹೆಸರೇ ಉರಿಯುತ್ತದೆ. ಅಷ್ಟು ಬೆಳಕಿನಲ್ಲಿ
ಪೇಂಟರ್ ಚಾಂದಪೀರ ಏಣಿ ಹತ್ತಿ
ಹತ್ತಿ ಅಂಗಡಿಯ ಮೇಲಿನ ಕೋಣೆಗೆ ಬರೆದ,
ಹಳದಿಯ ಮೇಲೆ ನೀಲಿ:
‘ಆದೆಪ್ಪ ಮಾಸ್ತರರ ಅರ್ಥಶಾಸ್ತ್ರ ಟ್ಯೂಷನ್’.

ಮಾತಾಡಿದ್ದು ಮುನ್ನೂರು, ಕೊಟ್ಟದ್ದು ನೂರೈವತ್ತು.
“ಸಾಲದು” ಅಂದ, ನೋಟು ಅಂಗೈಯಲ್ಲಿ ತೂಗಿ.
“ಸಾಲ ಅದು, ತೀರಿಸ್ತೀನಿ.”
“ಯಾವಾಗ್ರೀ?”
“ಕಲ್.”

ಕಲ್ ಅಂದರೆ ಅವನ ಮನೆಮಾತಿನಲ್ಲಿ ನಾಳೆ,
ನಿನ್ನೆಯೂ ಹೌದು.
ಕೆಳಗೆ ಹತ್ತಿ ಬಿಡಿಸುವ ತೆಲುಗಿನವಳಿಗೆ ಕಲ ಅಂದರೆ ಕನಸು,
ಅವಳ ಗಂಡನಿಗೆ ಕಲ್ಲು ಅಂದರೆ ಸಂಜೆ, ಹೆಂಡದ ಮಡಕೆ.
ಬಸ್ಸಿಳಿದು ಬರುವ ನಮಗೆ
ಕೋಟೆಯ ಗುಡ್ಡದ ತುಂಬ ಬಿಸಿಲು ಕುಡಿದು ಕೂತದ್ದೇ ಕಲ್ಲು.
ಇಷ್ಟನ್ನೂ ಹೊತ್ತು
ಹೊತ್ತು ಗೊತ್ತು ನೋಡದೆ
ಆರು ಶನಿವಾರ ಮೆಟ್ಟಿಲು ಹತ್ತಿ ಇಳಿದ.

ಏಳನೆಯ ಶನಿವಾರ ನೋಡುತ್ತೇವೆ,
ಥ-ದ ಹೊಟ್ಟೆಯ ಚುಕ್ಕೆಯ ಮೇಲೆ ಹಳದಿ ಬಳಿದಿದೆ.
ಕಡಲೆಕಾಳಿನಷ್ಟು ಬಣ್ಣ, ಅಷ್ಟೇ.
‘ಆದೆಪ್ಪ ಮಾಸ್ತರರ ಅರ್ಧಶಾಸ್ತ್ರ ಟ್ಯೂಷನ್’.

ಅರ್ಧ ಚಹಾ ಕೇಳಿದವರನ್ನೆಲ್ಲ
ಹೋಟೆಲಿನವನು ಮೇಲಕ್ಕೆ ಕಳಿಸತೊಡಗಿದ.
ಮಾಸ್ತರರು ಧಡಧಡ ಇಳಿದರು, ಹಿಂದೆ ನಾವು.
“ಅರ್ಥ ಎಲ್ಲಿ ಹೋತಲೇ?”
ಬ್ರಷ್ಷು ಸೀಮೆಎಣ್ಣೆಗೆ ಅದ್ದುತ್ತ ಚಾಂದಪೀರ ಅಂದ:
“ಅರ್ಥ ಅಂದ್ರ ರೊಕ್ಕನೂ ಹೌದಂತಲ್ರೀ.
ನೀವು ಹೇಳೋ ಪಾಠ ಏಣಿ ಮ್ಯಾಲೆ ನಿಂತು ಕೇಳೀನಿ.
ಅದು ನಿಮ್ಮ ಜೇಬಿನಾಗ ಐತಿ, ನೋಡ್ಕೋರಿ.”

ಮಾಸ್ತರರ ಕೈ ತಾನಾಗಿ ಜೇಬಿಗೆ ಹೋಯಿತು.
ನಗು ಮೊದಲು ಬಂತೋ ನೋಟು ಮೊದಲು ಬಂತೋ
ಈಗ ನೆನಪಿಲ್ಲ.
ಮಧ್ಯಾಹ್ನ ಮತ್ತೆ ಏಣಿ. ಚುಕ್ಕೆ ಮರಳಿ ಕೂತಿತು,
ನೀಲಿ ತೀರಿತ್ತಂತೆ, ಕಪ್ಪಿನಲ್ಲಿ,
ಕೂಸಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನ ಹಾಗೆ,
ಮೊದಲಿಗಿಂತ ದಪ್ಪ.
“ಬಡ್ಡಿ” ಅಂದ.

ಸಿಂಧನೂರಿನಲ್ಲಿ ಈಗ ನಾನು ಕನ್ನಡ ಕಲಿಸುತ್ತೇನೆ.
ಶ್ಲೇಷೆ ಅಂದರೆ ಒಂದೇ ತೊಟ್ಟಿಗೆ ಎರಡು ಹಣ್ಣು
ಎಂದು ಬರೆಸುತ್ತೇನೆ, ಪರೀಕ್ಷೆಗೆ ಅದು ಸಾಕು.
ಒಬ್ಬ ಹುಡುಗನೂ ಹಣ್ಣಿನ ರೇಟು ಕೇಳಿಲ್ಲ.

ಹೋದ ತಿಂಗಳು ರಾಯಚೂರಿಗೆ ಹೋದವನು
ಚಾಂದಪೀರನ ಗೋರಿ ಹುಡುಕಿ ನಿಂತೆ.
ಕಲ್ಲಿನ ಮೇಲೆ ಉರ್ದುವಿನಲ್ಲಿ ಹೆಸರು.
ಜೊತೆಗೆ ಬಂದ ಅವನ ಮಗ ಬೆರಳಿಟ್ಟು ತೋರಿಸಿದ,
ಇಲ್ಲಿ ಒಂದು ನುಕ್ತೆ ಬಿಟ್ಟಾರ ಸರ್.

ಕೆತ್ತಿದವನಿಗೆ ಯಾರು ಅರ್ಧ ಕೊಟ್ಟರೋ.
ನನ್ನ ಜೇಬು ಮುಟ್ಟಿ ನೋಡಿಕೊಂಡೆ.